ನಡುವಿನ ಪೆಡಲು

ನಮ್ಮ ಮನೆಯಲ್ಲಿ ಮೇಜಿನ ಮೇಲಿನ ಊಟ ಆರುತ್ತಿತ್ತು, ಜಗಳ ಮಾತ್ರ ಆರುತ್ತಿರಲಿಲ್ಲ. ಒಂದು ಕಡೆ ಹಿಂದೊಮ್ಮೆ ರೇಸ್ ಕಾರು ಓಡಿಸಿ ಹೆಸರು ಮಾಡಿದ್ದ ನನ್ನ ಗಂಡ, ಇನ್ನೊಂದು ಕಡೆ ಈಗ ಗೆಲ್ಲುತ್ತಿರುವ ಅಳಿಯ. ಯಾವ ಕಾಲದ ಚಾಲಕರು ದೊಡ್ಡವರು ಎಂಬುದೇ ಜಗಳ.

"ನಮ್ಮ ಕಾಲದಲ್ಲಿ ತಪ್ಪು ಮಾಡಿದ್ರೆ ಸಾಯ್ತಿದ್ವಿ. ನಿಮ್ಮದೇನು, ಪರದೆ ಮುಂದೆ ಕೂತು ಸ್ಟೀರಿಂಗ್ ತಿರುಗಿಸೋ ಆಟ" ಎಂದು ಇವರು.

"ಸಾಯದೇ ಕಲಿಯೋದು ತಪ್ಪಾ ಮಾವ? ಸಿಮ್ಯುಲೇಟರಲ್ಲಿ ಒಂದೇ ತಿರುವನ್ನ ಎಷ್ಟು ಸಲ ಬೇಕಾದ್ರೂ ಹೊಡೀಬಹುದು. ತಲೆ ಮರೆತ್ರೂ ಕಾಲು ಮರೆಯಲ್ಲ" ಎಂದು ಅಳಿಯ.

ಕೊನೆಗೆ ಪಂದ್ಯವೇ ನಿಗದಿಯಾಯಿತು. ಇವರ ಹಳೆಯ ಕಾರು, ಇವರು ಗೆದ್ದ ಅದೇ ಟ್ರ್ಯಾಕು, ಒಬ್ಬರಾದ ಮೇಲೆ ಒಬ್ಬರು ಒಂದೊಂದು ಸುತ್ತು. ಬುದ್ಧಿ ಹೇಳಲು ಹೋದ ನನಗೆ ಇಬ್ಬರೂ ಕಿವಿ ಕೊಡಲಿಲ್ಲ.

ಅಂದಿನಿಂದ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಕಾರಣ ಆ ಕಾರಿನ ಪೆಡಲುಗಳು. ಎಲ್ಲ ಕಾರುಗಳಲ್ಲೂ ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು. ಹಳೇ ಕಾಲದ ಕೆಲವು ರೇಸ್ ಕಾರುಗಳಂತೆ ಇದರಲ್ಲಿ ತಿರುಗುಮುರುಗು: ನಡುವಿನದನ್ನು ಒತ್ತಿದರೆ ವೇಗ, ಬಲಗಡೆಯದನ್ನು ಒತ್ತಿದರೆ ಬ್ರೇಕು. ಇವರಿಗೆ ಈ ಕಾರಿನಲ್ಲಿ ಕೂತ ಕೂಡಲೇ ಕಾಲಿನ ಅಭ್ಯಾಸ ತಾನಾಗಿ ಬದಲಾಗುತ್ತಿತ್ತು. ಅಳಿಯನ ಸಿಮ್ಯುಲೇಟರಿನಲ್ಲೂ ಇದೇ ಕಾರಿತ್ತು, ಇದೇ ಟ್ರ್ಯಾಕಿತ್ತು. ಪೆಡಲುಗಳು ಮಾತ್ರ ಈಗಿನವು.

"ನಡುವಿನದು ಬ್ರೇಕಲ್ಲ, ನೆನಪಿಟ್ಕೊಳ್ಳಿ" ಎಂದು ಅಳಿಯನ ತಲೆ ತಿಂದೆ.

"ಗೊತ್ತು ಅತ್ತೆ" ಎನ್ನುತ್ತಿದ್ದ. ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕೂತು, ಕಣ್ಣು ಮುಚ್ಚಿ, ಬಲಗಡೆಯ ಪೆಡಲನ್ನೇ ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದ. ಮಗಳು ಅದನ್ನು ನೋಡಲಾರದೆ ಒಳಗೆ ಹೋಗಿಬಿಡುತ್ತಿದ್ದಳು.

ಅತ್ತ ಇವರು ಮಧ್ಯಾಹ್ನವಾದರೆ ಮಾಯ. ಒಂದು ದಿನ ಅಳಿಯನ ಕೋಣೆಯ ಬಾಗಿಲು ತಳ್ಳಿದರೆ, ಸಿಮ್ಯುಲೇಟರಿನ ಸೀಟಿನಲ್ಲಿ ಬೆವರು ಸುರಿಸುತ್ತ ಕೂತಿದ್ದಾರೆ!

"ಅವನಿಗೆ ಹೇಳ್ಬೇಡ ಮಾರಾಯ್ತಿ. ಟ್ರ್ಯಾಕು ಮರೆತು ಹೋಗಿತ್ತು, ಈಗ ಒಂದೊಂದು ತಿರುವೂ ಬಾಯಿಪಾಠ."

ಬೈದದ್ದನ್ನೇ ಕಲಿಯಬೇಕು, ಮೀಸೆಗೆ ಮಾತ್ರ ಮಣ್ಣಾಗಬಾರದು! ನಗು ತಡೆಯಲಾಗಲಿಲ್ಲ. ಪಾಪ, ಖುಷಿಯಾಗಿದ್ದಾರೆ ಎಂದುಕೊಂಡೆ.

ಪಂದ್ಯದ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಅಳಿಯ ಮೊದಲು ಹೊರಟ. ಪ್ರತಿ ತಿರುವಿಗೂ ಬಹಳ ಮುಂಚೆಯೇ ನಿಧಾನಿಸಿ, ಹೆದರಿ ಹೆದರಿ ಸುತ್ತು ಮುಗಿಸಿದ.

"ಎತ್ತಿನ ಗಾಡಿ!" ಎಂದು ನಕ್ಕು ಇವರು ಸೀಟಿಗೆ ಇಳಿದು ಬೆಲ್ಟು ಬಿಗಿದುಕೊಂಡರು. ಕಾರು ಗುಡುಗಿಕೊಂಡು ಹೊರಟಿತು. ಅಳಿಯ ಹೆಲ್ಮೆಟ್ ತೆಗೆದು ನನ್ನ ಪಕ್ಕ ಬಂದು ನಿಂತ.

"ನಿಮ್ಮ ಮಾತೇ ಕಾಪಾಡ್ತು ಅತ್ತೆ. ಪ್ರತಿ ತಿರುವಲ್ಲೂ ಕಾಲು ನಡುವಿಗೇ ಓಡ್ತಿತ್ತು. ಸಿಮ್ಯುಲೇಟರ್ ಕಲಿಸಿದ್ದು ಅಷ್ಟು ಸುಲಭವಾಗಿ ಬಿಡಲ್ಲ."

ಮುಚ್ಚಿದ ಬಾಗಿಲ ಹಿಂದಿನ ಆ ಮಧ್ಯಾಹ್ನಗಳೆಲ್ಲ ಕಣ್ಣ ಮುಂದೆ ಬಂದವು. "ರೀ, ನಿಲ್ಸಿ!" ಎಂದು ಕೂಗಿದೆ. ಎಂಜಿನ್ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ನೇರ ದಾರಿಯ ಕೊನೆಗೆ ತಿರುವು, ತಿರುವಿನಾಚೆ ಗೋಡೆ. ಅಲ್ಲಿ ಎಂಜಿನ್ ಸದ್ದು ಇಳಿಯಬೇಕಿತ್ತು. ಏರಿತು.

"ಬ್ರೇಕ್ ಒತ್ತಿ ಮಾವ, ಬ್ರೇಕ್!" ಅಳಿಯ ಬೇಲಿ ಹಿಡಿದು ಕಿರುಚಿದ.

"ಒತ್ತಿದ್ದಾರಪ್ಪ" ಎಂದೆ. "ಅವರು ಅದನ್ನೇ ಒತ್ತಿದ್ದಾರೆ."