ಸಾವಿಲ್ಲದ ಆಟ

“ಯಾರ್ ಅದ್, ‘ಸತ್ತೆ’ ಅಂದದ್ದ್?”

ಅಕ್ಕು ತಲೆಯ ಮೇಲಿನ ಖಾಲಿ ಬುಟ್ಟಿಯನ್ನು ಇನ್ನೂ ಇಳಿಸಿರಲಿಲ್ಲ. ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ, ಟೆಂಪೋ ಇಳಿದು, ಕೋಡಿಯ ಕಾಲು ಹೂಳುವ ಹೊಯ್ಗೆಯ ದಾರಿಯಲ್ಲಿ ನಡೆದು ಬಂದವಳು ಅಂಗಳದಲ್ಲೇ ನಿಂತು ಕೇಳಿದಳು. ಒಳಗೆ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಸೊಸೆ ದಿವ್ಯಾ ಮತ್ತು ಮಗಳು ನವ್ಯಶ್ರೀ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಕೈಯಲ್ಲೂ ವಿಡಿಯೋ ಗೇಮಿನ ಉದ್ದ ವಯರಿನ ರಿಮೋಟು ಇತ್ತು.

“ನಾನ್ ಅತ್ತೆ,” ಅಂದಳು ದಿವ್ಯಾ. “ಆಟದಗೆ.”

“ಆಟದಗೆ ಆದ್ರೂ ಬಾಯಗೇ ಅಲ್ದಾ ಬಂದದ್ದ್?”

ದಿವ್ಯಾ ಬಸ್ರೂರಿನವಳು. ಅಪ್ಪನದು ಜಿನಸಿನ ಅಂಗಡಿ. ಹೊಳೆ ಗೊತ್ತು, ಕಡಲು ಗೊತ್ತಿಲ್ಲ. ಮದುವೆಯಾಗಿ ಬರುವಾಗ ಕಪಾಟು, ಪಾತ್ರೆಗಳ ಜೊತೆಗೆ ತಾನು ಹೈಸ್ಕೂಲಿನಿಂದ ಆಡುತ್ತ ಬಂದ ಈ ವಿಡಿಯೋ ಗೇಮನ್ನೂ ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಗಂಡ ಸುಧೀರ ಗಂಗೊಳ್ಳಿಯ ಆಳಸಮುದ್ರದ ಬೋಟಿನಲ್ಲಿ ಹೋಗುವವನು. ಹೋದರೆ ಹತ್ತು ದಿನ. ಗಂಡಸರು ಕಡಲಿಗೆ ಹೋದ ಮನೆಯಲ್ಲಿ ಕೆಲವು ಮಾತು ಆಡಬಾರದು ಎಂದು ಅವಳಿಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಆ ಮನೆಯವರಿಗೆ ಅದು ಹೇಳಿಕೊಡುವ ವಿಷಯವೇ ಅಲ್ಲ, ಉಸಿರಾಡುವುದನ್ನು ಯಾರು ಹೇಳಿಕೊಡುತ್ತಾರೆ? ಅಕ್ಕು ಮಾರ್ಕೆಟ್ಟಿಗೆ ಹೊರಟರೂ “ಹೋತೆ” ಅನ್ನುವವಳಲ್ಲ, “ಬತ್ತೆ” ಅನ್ನುವವಳು. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಡಬ್ಬಿಯಲ್ಲಿ ಅಕ್ಕಿ ಮುಗಿದ ದಿನ “ಅಕ್ಕಿ ಹೆಚ್ಚಿತ್” ಅನ್ನುತ್ತಾಳೆ. ಅಂಥ ಮನೆಯ ನಟ್ಟನಡುವೆ ಕೂತು ಹೊಸ ಸೊಸೆ ಬಾಯಿ ತುಂಬ “ಅಯ್ಯೋ ಸತ್ತೆ, ಮತ್ತೂ ಸತ್ತೆ” ಎಂದು ಕೂಗಿದ್ದು ಮೂರನೇ ಮನೆಯ ರಾಜೀವಿಯ ತನಕ ಕೇಳಿಸಿತ್ತು.

ಅಕ್ಕು ಒಳಗೆ ಬಂದವಳೇ ಪ್ಲಗ್ಗು ಕಿತ್ತು, ಸೆಟ್ಟು, ರಿಮೋಟು, ಕ್ಯಾಸೆಟ್ಟು ಎಲ್ಲವನ್ನೂ ಮೈ ಒರೆಸುವ ಒಂದು ಬೈರಾಸಿನಲ್ಲಿ ಕಟ್ಟಿ ಕಪಾಟಿನ ಮೇಲಿಟ್ಟಳು.

“ಆದಿತ್ಯವಾರ ನಿನ್ನ ಅಣ್ಣ ಸುಜನ್ ಬತ್ತನಲೆ, ಅವ್ನ ಕೈಯಗೆ ಬಸ್ರೂರಿಗೆ ಕಳ್ಸುದ್. ಇದ್ ಈ ಮನಿಗೆ ಆಪ್ಪುದಲ್ಲ.”

ಜಗಲಿಯಲ್ಲಿ ಬಲೆ ಕಟ್ಟುತ್ತ ಕೂತಿದ್ದ ಶೀನ, ಅಕ್ಕುವಿನ ಗಂಡ, ತಲೆಯೆತ್ತದೆ ಹೇಳಿದ: “ಬೋಟ್ ಎಷ್ಟ್ ದೂರ ಹೋಯಿತ್ತ್ ಈಗ. ಅಷ್ಟ್ ದೂರಕ್ಕೆ ಕೇಂತಿಲ್ಲೆ ಬಿಡ್ ಮಾರಾಯ್ತಿ.”

“ನೀವ್ ನಿಮ್ ಬಲೆ ಕಾಣಿ.”

ದಿವ್ಯಾ ಹಿತ್ತಿಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿ ಹಾಕಿದಳು. ಆ ಮನೆಯಲ್ಲಿ ಕಪಾಟು ಎಲ್ಲರದ್ದಾಗಿತ್ತು, ಪಾತ್ರೆ ಎಲ್ಲರದ್ದಾಗಿತ್ತು. ತನ್ನದು ಅಂತ ಇದ್ದದ್ದು ಅದೊಂದು.

ಊಟದ ಹೊತ್ತಿಗೆ ವಕಾಲತ್ತು ಮಾಡಿದವಳು ನವ್ಯಶ್ರೀ. ಪಿಯುಸಿ ಓದುವ ಹುಡುಗಿ, ಬಾಯಿ ಅಮ್ಮನದ್ದೇ.

“ಅಬ್ಬಿ, ಎಲ್ಲ ಆಟದಗೂ ಸಾಯುದಿಲ್ಲೆ. ಆ ಕ್ಯಾಸೆಟ್ಟಗೆ ಎಷ್ಟ್ ಆಟ ಇತ್ತ್ ಗೊತ್ತಿತ್ತಾ? ಒಂಬೈನೂರ ತೊಂಬತ್ತೊಂಬತ್ತ್ ಅಂದೇಳಿ ಬರ್ದಿತ್ತ್.”

“ಅಷ್ಟ್ ಇತ್ತಾ?” ಅಕ್ಕು ಅನ್ನ ಕಲಸುವ ಕೈ ನಿಲ್ಲಿಸಿದಳು. “ಹಾಂಗಾರೆ ಅಷ್ಟ್ರಗೆ ಸಾವಿಲ್ದೆ ಇಪ್ಪು ಆಟ ಒಂದ್ ತೋರ್ಸಿ. ಸಿಕ್ರೆ ಇಲ್ಲೇ ಇರ್ಲಿ. ಸಿಕ್ಕದಿದ್ರೆ ಬಸ್ರೂರಿಗೆ.”

ಮರುದಿನ ಸಂಜೆ ಬೈರಾಸು ಕೆಳಗಿಳಿಯಿತು. ಅಕ್ಕು ಮಣೆ ಹಾಕಿಕೊಂಡು ಟಿವಿಯ ಎದುರು ಕೂತಳು, ಎಲೆಯಡಿಕೆಯ ಚೀಲ ತೊಡೆಯ ಮೇಲೆ. ಮೊದಲು ವಿಮಾನದ ಆಟ ಬಂತು. ಗುಂಡು, ಬೆಂಕಿ. “ಮುಂದೆ,” ಅಂದಳು. ಟ್ಯಾಂಕು ಬಂತು. “ಮುಂದೆ.” ಹಾರುವ ಬಾತುಕೋಳಿಗೆ ಗುಂಡು ಹೊಡೆಯುವುದು ಬಂದಾಗ ನವ್ಯಶ್ರೀ, “ಇದ್ರಗೆ ನಮ್ಗೆ ಎಂತ ಆಪ್ಪುದಿಲ್ಲೆ ಅಬ್ಬಿ,” ಅಂದಳು.

“ಹಕ್ಕಿ ಬೀಳತ್ತಲೆ?”

“ಹಕ್ಕಿ ಅಲ್ದಾ.”

“ಅದ್ರದ್ದ್ ಜೀವ ಅಲ್ದಾ?”

“ದಿನಾ ಬುಟ್ಟಿಗಟ್ಲೆ ಬಾಂಗ್ಡಿ ಮಾರುವವ್ಳ್ ಹೇಳುದ್ ಕಾಣಿ,” ಅಂತ ಜಗಲಿಯಿಂದ ಶೀನನ ದನಿ ಬಂತು.

ಇಪ್ಪತ್ತು ಇಪ್ಪತ್ತೈದು ಆಟ ದಾಟಿದ ಮೇಲೆ ಅಕ್ಕುವಿಗೆ ಒಂದು ಸಂಗತಿ ಹೊಳೆಯಿತು. ಮೊದಲು ನೀಲಿಯಾಗಿದ್ದ ವಿಮಾನ ಈಗ ಹಸಿರಾಗಿ ಬಂದಿತ್ತು. ಟ್ಯಾಂಕೂ ಬಂತು, ಬಾತುಕೋಳಿಯೂ ಬಂತು, ಹೆಸರು ಮಾತ್ರ ಬೇರೆ.

“ಇದ್ ನಿನ್ನೆದ್ ಬೂತಾಯಿ ಮೀನ್ ಹೊಸ ಬುಟ್ಟಿಗ್ ಹಾಕಿ ತಂದದ್ದ್. ಯಾರ್ ಇದನ್ನ್ ಮಾರದ್ದ್ ನಿಂಗೆ? ಒಳ್ಳೆ ಯಾಪಾರಿಯೇ ಸೈ.”

ದಿವ್ಯಾಳಿಗೆ ನಗು ಬಂತು. ಆದರೆ ಹೊಸ ಆಟಗಳು ಮುಗಿಯುತ್ತ ಬಂದಿದ್ದವು. ಕೊನೆಗೆ ಸಿಕ್ಕಿದ್ದು ಒಂದು ಕಾರಿನ ಆಟ. ಅದರಲ್ಲಿ ಕಾರು ಗುದ್ದಿದರೆ ಎರಡು ಸಲ ಮಿಣುಕಿ ಮೊದಲಿನಂತೆಯೇ ಓಡುತ್ತಿತ್ತು. ಸಾವಿಲ್ಲ, ಸೋಲೂ ಇಲ್ಲ. “ಇದ್ ಆತ್ ಅಬ್ಬಿ!” ಎಂದು ನವ್ಯಶ್ರೀ ರಿಮೋಟನ್ನು ಅಕ್ಕುವಿನ ಕೈಗೇ ಕೊಟ್ಟಳು. ಅಕ್ಕು ಗುಂಡಿ ಒತ್ತಿ ಕೂತಳು. ಕಾರು ಓಡಿತು. ಮರಕ್ಕೆ ಗುದ್ದಿತು, ಓಡಿತು. ಲಾರಿಗೆ ಗುದ್ದಿತು, ಓಡಿತು. ಅಕ್ಕು ಒಂದು ಎಲೆ ತೆಗೆದು ಸುಣ್ಣ ಹಚ್ಚಿ, ಅಡಿಕೆಯಿಟ್ಟು, ಮಡಚಿ ಬಾಯಿಗೆ ಹಾಕಿಕೊಂಡಳು. ಅಷ್ಟು ಹೊತ್ತೂ ಕಾರು ಅದರಷ್ಟಕ್ಕೆ ಗುದ್ದುತ್ತ ಓಡುತ್ತಲೇ ಇತ್ತು.

“ಎಂತ ಆಟವೇ ಇದ್? ಗುದ್ದಿರೂ ಎಂತ ಆತಿಲ್ಲೆ, ಗುದ್ದದಿದ್ರೂ ಎಂತ ಆತಿಲ್ಲೆ. ನಾನ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ.” ರಿಮೋಟನ್ನು ಚಾಪೆಯ ಮೇಲಿಟ್ಟಳು. “ಇದಕ್ಕೆ ಕರೆಂಟ್ ಸುಡುದಾ?”

“ಅದೇ ಅಲ್ದಾ ಅತ್ತೆ ನಾ ಹೇಳುದ್!”

ದಿವ್ಯಾಳ ದನಿ ಎದ್ದಿದ್ದಕ್ಕೆ ಶೀನನೂ ಬಾಗಿಲಲ್ಲಿ ಇಣುಕಿದ. ಈ ಮನೆಗೆ ಬಂದ ಮೇಲೆ ಅವಳು ಉಪ್ಪು ಹುಳಿಯ ವಿಷಯ ಬಿಟ್ಟರೆ ಬೇರೆ ಮಾತು ಉದ್ದಕ್ಕೆ ಆಡಿದ್ದೇ ಇಲ್ಲ. ಈಗ ಅವಳು ಟಿವಿಯ ಹತ್ತಿರ ಸರಿದು, ತಾನು ಯಾವಾಗಲೂ ಆಡುವ ಆಟವನ್ನೇ ಹಚ್ಚಿದಳು. ಹೆಗಲಿಗೆ ಗಂಟು ಕಟ್ಟಿಕೊಂಡ ಒಬ್ಬ ಕುಳ್ಳ, ಬೆಟ್ಟ ಹೊಂಡ ದಾಟಿ ಎಲ್ಲಿಗೋ ಹೋಗುವ ಆಟ. ನಿನ್ನೆಯ ಗಲಾಟೆಗೆ ಕಾರಣವಾದದ್ದೂ ಅದೇ.

“ಕಾಣಿ. ಈ ಮೊದ್ಲಿನ ಹೊಂಡ ಸಣ್ಣದ್. ಹಾರುದ್ ಹ್ಯಾಂಗೆ ಅಂದೇಳಿ ಯಾರೂ ಹೇಳಿಕೊಡುದಿಲ್ಲೆ, ಈ ಹೊಂಡವೇ ಹೇಳಿಕೊಡುದ್. ಮುಂದಿನದ್ದ್ ಒಂಚೂರ್ ಅಗಲ. ಅದ್ರ ಮುಂದಿನದ್ರಗೆ ಮುಳ್ಳ್ ಇತ್ತ್. ಆರೆ ಎಲ್ಲವೂ ಕಣ್ಣಿಗ್ ಕಾಂತ್, ಅಡಗ್ಸಿ ಇಟ್ಟದ್ದ್ ಎಂತ ಇಲ್ಲೆ. ಬಿದ್ರೆ ನನ್ನ ತಪ್ಪಿಂದ್ಲೇ ಬಿದ್ದದ್ದ್. ಅದ್ಕೇ ಸಿಟ್ಟ್ ಬತ್ತಿಲ್ಲೆ, ಇನ್ನೊಂದ್ ಸಲ ಕಾಂಬ ಅಂದೇಳಿ ಆತ್ತ್. ಆ ವಿಮಾನದ್ದ್ ಇತ್ತಲೆ, ಅದ್ ಮೋಸ. ಹಿಂದಿಂದ ಬಂದ್ ಹೊಡಿತ್. ಕಾರಿನದ್ದ್ ನೀವೇ ಕಂಡ್ರಿ.”

ಕುಳ್ಳ ಮುಳ್ಳಿನ ಹೊಂಡಕ್ಕೆ ಬಿದ್ದ. ದಿವ್ಯಾ ತುಟಿ ಕಚ್ಚಿಕೊಂಡಳು.

“ಬಿದ್ದವ ಇನ್ನ್ ಸುರುವಿಂದ ಬರ್ಕಾ?” ಅಕ್ಕು ಕೇಳಿದಳು.

“ಇಲ್ಲೆ ಅತ್ತೆ. ಬಿದ್ದಲ್ಲಿಂದ ಒಂಚೂರ್ ಹಿಂದೆ, ಅಷ್ಟೆ. ಸುರುವಿಂದ ಬಪ್ಪುದಾರೆ ಯಾರಿಗೂ ಮನಸ್ಸ್ ಬತ್ತಿಲ್ಲೆ.”

ಹೇಳಿದ ಹಾಗೆಯೇ ಕುಳ್ಳ ಹೊಂಡದ ಈಚೆ ದಡದಲ್ಲಿ ಬಂದು ನಿಂತ. ಗಂಟು ಹೆಗಲ ಮೇಲೆಯೇ ಇತ್ತು. ಅಕ್ಕು ಅವನನ್ನು ಸ್ವಲ್ಪ ಹೊತ್ತು ನೋಡಿ, ಎಲೆಯ ರಸ ಉಗುಳಲು ಅಂಗಳಕ್ಕೆ ಹೋಗಿ ಬಂದಳು.

“ಮತ್ತೆ ಬಪ್ಪುದೇ ಆರೆ ಅಂವ ಬಂದ ಅಲ್ದಾ? ಬಂದವನಿಗೆ ಎಂತಕ್ಕೆ ಆ ಕೆಟ್ಟ ಮಾತ್? ‘ಬಂದೆ’ ಅನ್ನಿ.”

ಹೀಗೆ ಆ ಮನೆಯಲ್ಲಿ ಹೊಂಡಕ್ಕೆ ಬಿದ್ದವರು “ಬಂದೆ” ಎನ್ನುವ ಕ್ರಮ ಶುರುವಾಯಿತು. ಆದಿತ್ಯವಾರ ಸುಜನ್ ಬಂದ, ಕಾಣೆ ಮೀನಿನ ಸಾರಿನಲ್ಲಿ ಉಂಡ, ತಂಗಿ ಮತ್ತು ಅವಳ ನಾದಿನಿ “ಅಯ್ಯೋ ಬಂದೆ, ಮತ್ತೂ ಬಂದೆ” ಎಂದು ಕೂಗುವುದನ್ನು ಅರ್ಥವಾಗದೆ ನೋಡಿ, ಬರಿಗೈಯಲ್ಲೇ ಬಸ್ರೂರಿಗೆ ವಾಪಸಾದ.

ಬೋಟು ಗುರುವಾರ ಬರಬೇಕಿತ್ತು. ಬರಲಿಲ್ಲ. ಒಂದು ದಿನ ಹಿಂದೆಮುಂದೆ ಆಗುವುದುಂಟು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಶುಕ್ರವಾರವೂ ಬರಲಿಲ್ಲ. ಬೋಟಿನ ಯಜಮಾನರ ಮನೆಗೆ ರಾಜೀವಿಯ ಮನೆಯಿಂದ ಫೋನು ಮಾಡಿದರೆ, ವಯರ್‌ಲೆಸ್ಸಿಗೆ ಸಿಗುತ್ತಿಲ್ಲ ಎಂದರು. ಅದೇ ಬೋಟಿನಲ್ಲಿ ಹೋಗಿದ್ದ ಗುಡ್ಡನ ಹೆಂಡತಿ ಸರೋಜ ದೇವಸ್ಥಾನದ ಆಚೆಯಿಂದ ಎರಡು ಸಲ ಬಂದು, “ಎಂತಾರೂ ಗೊತ್ತಾಯ್ತಾ?” ಎಂದು ಕೇಳಿ ಹೋದಳು. ಗಾಳಿ ಏನೂ ಇರಲಿಲ್ಲ. ಕಡಲು ಎಣ್ಣೆ ಹೊಯ್ದ ಹಾಗೆ ಬಿದ್ದುಕೊಂಡಿತ್ತು. ಶೀನ ಅದನ್ನೇ ನಾಲ್ಕು ಬಾರಿ ಹೇಳಿದ, ಕೊನೆಯ ಸಲ ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ.

ದಿವ್ಯಾ ಗುರುವಾರದಿಂದ ಆಟ ಮುಟ್ಟಿರಲಿಲ್ಲ. ತಾನೇ ಬೈರಾಸಿನಲ್ಲಿ ಕಟ್ಟಿ ಕಪಾಟಿನ ಮೇಲಿಟ್ಟಿದ್ದಳು. ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ಅನ್ನದ ಗಂಜಿ ಬಾಗಿಸುವಾಗ, ನೀರು ಸೇದುವಾಗ ಅವಳಿಗೆ ತನ್ನ ಬಾಯಿಂದ ಬಿದ್ದ ಮಾತೇ ಕೇಳುತ್ತಿತ್ತು.

ಶನಿವಾರ ಅಕ್ಕು ಮಾರ್ಕೆಟ್ಟಿನಿಂದ ಮಧ್ಯಾಹ್ನಕ್ಕೇ ಬಂದಳು. ಕಾಲು ತೊಳೆದು ಒಳಗೆ ಬಂದು ಮಣೆಯ ಮೇಲೆ ಕೂತಳು. ನವ್ಯಶ್ರೀ ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ.

“ಹಚ್ಚ್ ಅದನ್ನ್.”

“ಎಂತದ್ದ್ ಅತ್ತೆ?”

“ಆ ಕುಳ್ಳನ್ದ್.”

“ಬ್ಯಾಡ ಅತ್ತೆ.” ದಿವ್ಯಾ ಕಪಾಟಿಗೆ ಬೆನ್ನು ಹಾಕಿ ನಿಂತಳು. “ಅವತ್ತ್ ನಾನ್ ಹಾಂಗೆ ಅಂದದ್ದಕ್ಕೇ...”

“ಬಾಯ್ ಮುಚ್ಚ್. ನೀ ಅಂದ ಮಾತಿಗೆ ಬೋಟ್ ಮುಳ್ಗುದಾರೆ, ಮಾರ್ಕೆಟ್ಟಗೆ ನಾನ್ ಚೌಕಾಸಿ ಮಾಡುವವರಿಗೆ ಅಂದ ಮಾತಿಗೆ ಅರ್ಧ ಕುಂದಾಪ್ರ ಮುಳ್ಗ್ಕಿತ್ತ್.”

“ಹಾಂಗಾರೆ ಅವತ್ತ್ ಎಂತಕ್ಕೆ ನಂಗೆ ಬೈದ್ರಿ?”

ಅಕ್ಕು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಹೆದ್ರಿಕಿ ಆದ್ರೆ ಎಂತ ಮಾಡುದ್ ಹೆಣೆ? ಯಾರಿಗಾರೂ ಬೈಯ್ಕಲೆ. ಕಡಲಿಗೆ ಬೈಯುಕಾತಾ?” ಮಣೆಯನ್ನು ಟಿವಿಯ ಕಡೆಗೆ ಸರಿಸಿಕೊಂಡಳು. “ಹಚ್ಚ್ ಮಗಾ. ಕಾರಿನದ್ದ್ ಬ್ಯಾಡ. ಅದ್ರಗೆ ತಲಿ ಎಲ್ಲೆಲ್ಲೋ ಹೋತ್. ಹೊಂಡದ್ದೇ ಹಚ್ಚ್.”

ದಿವ್ಯಾ ಸೆಟ್ಟನ್ನು ಇಳಿಸಿ ವಯರು ಸಿಕ್ಕಿಸಿದಳು. ಹಾರುವ ಗುಂಡಿ ಯಾವುದು, ನಡೆಯುವ ಗುಂಡಿ ಯಾವುದು ಎಂದು ಅಕ್ಕುವಿನ ಹೆಬ್ಬೆರಳು ಹಿಡಿದು ತೋರಿಸಿದಳು. ಮೀನಿನ ಮುಳ್ಳು ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು. ಮೊದಲ ಹೊಂಡಕ್ಕೇ ಅಕ್ಕು ಆರೇಳು ಸಲ ಬಿದ್ದಳು. ಕುಳ್ಳ ಹಾರುವಾಗೆಲ್ಲ ಮಣೆಯಿಂದ ಅವಳೂ ಏಳುತ್ತಿದ್ದಳು, ರಿಮೋಟು ತಲೆಯ ತನಕ ಹೋಗುತ್ತಿತ್ತು.

“ಹ್ವಾಯ್, ಹಾರ್ಕಾದ್ದ್ ಅಂವ, ನೀನಲ್ಲ,” ಅಂದ ಶೀನ. ಬಲೆ ಬಿಟ್ಟು ಅವನೂ ಒಳಗೆ ಬಂದು ಗೋಡೆಗೆ ಒರಗಿ ಕೂತಿದ್ದ.

“ಸುಮ್ನಿರಿ. ಈಗ ಕಾಣಿ.”

ಒಂದು ಹೊಂಡ ದಾಟಿತು. ಅಗಲದ್ದೂ ದಾಟಿತು. ಅಕ್ಕುವಿನ ಬಾಯಿ ಅರ್ಧ ತೆರೆದಿತ್ತು, ಬಾಯೊಳಗಿನ ಎಲೆ ಅಗಿಯುವುದನ್ನೂ ಮರೆತಿದ್ದಳು. “ಒಂಚೂರ್ ಹಿಂದೆ ಬನ್ನಿ ಅತ್ತೆ, ಓಡಿ ಬಂದ್ ಹಾರ್ಕ್,” ಎಂದು ದಿವ್ಯಾ ಪಿಸುಗುಟ್ಟಿದಳು. ಕುಳ್ಳ ಹಿಂದೆ ಬಂದ. ಮುಳ್ಳಿನ ಹೊಂಡದ ಕಡೆಗೆ ಓಡಿದ.

“ಅಕ್ಕೂ! ಹ್ವಾಯ್ ಅಕ್ಕೂ!”

ರಾಜೀವಿ ಹೊಯ್ಗೆಯಲ್ಲಿ ಓಡಿ ಬಂದು ಜಗಲಿಯ ಕಂಬ ಹಿಡಿದು ನಿಂತಳು. ಏದುಸಿರಿಗೆ ಮಾತು ಹೊರಡಲಿಲ್ಲ. ಆ ಒಂದು ಗಳಿಗೆ ಮೂವರೂ ಅವಳ ಮುಖವನ್ನಷ್ಟೇ ನೋಡಿದರು.

“ಫೋನ್ ಬಂತ್. ಸುಧೀರನೇ ಮಾಡದ್ದ್, ಭಟ್ಕಳದಿಂದ. ಇಂಜಿನ್ ಕೆಟ್ಟ್ ನಿಂತದ್ದಂಬ್ರ್. ಬೇರೆ ಬೋಟಿನವ್ರ್ ಕಟ್ಟಿ ಎಳ್ಕಂಡ್ ಬಂದಿರ್. ಎಲ್ಲರೂ ಸಮ ಇದ್ರಂಬ್ರ್.”

ಶೀನ ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ. ದಿವ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕು ಎದ್ದು ನಿಂತಿದ್ದಳು.

“ಸರೋಜಂಗೆ ಹೇಳ್ದ್ಯಾ?”

“ಇಲ್ಲೆ, ಸೀದ ಇಲ್ಲಿಗೇ ಬಂದದ್ದ್ ನಾನ್.”

“ಅಯ್ಯೋ, ಆ ಹೆಣ್ಣ್ ಬೆಳಿಗ್ಗಿಂದ ಕೂಳ್ ಮುಟ್ಟಲಿಲ್ಲೆ ಮಾರಾಯ್ತಿ!”

ಅಕ್ಕು ಹೊಸ್ತಿಲು ದಾಟಿದಳು. ಕೈಯಲ್ಲಿದ್ದ ರಿಮೋಟಿನ ವಯರು ಒಮ್ಮೆ ಬಿಗಿದು, ಸೆಟ್ಟಿನಿಂದ ಟಪ್ಪೆಂದು ಕಳಚಿತು. ಅವಳಿಗೆ ಅದು ತಿಳಿಯಲಿಲ್ಲ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರಿಮೋಟನ್ನು ಹಾಗೆಯೇ ಹಿಡಿದು, ತೆಂಗಿನ ಮರಗಳ ನಡುವೆ ದೇವಸ್ಥಾನದ ಕಡೆಗೆ ಓಡಿದಳು. ಕಪ್ಪು ವಯರು ಹೊಯ್ಗೆಯ ಮೇಲೆ ಗೆರೆ ಎಳೆಯುತ್ತ ಅವಳ ಹಿಂದೆಯೇ ಹೋಯಿತು. ಅಂಗಳದಲ್ಲಿದ್ದ ಎರಡು ಕೋಳಿಗಳು ಅದೇನೋ ತಿನ್ನುವ ಹುಳವೆಂದು ಸ್ವಲ್ಪ ದೂರ ಅಟ್ಟಿಸಿಕೊಂಡು ಹೋಗಿ, ಬಾವಿಕಟ್ಟೆಯ ಹತ್ತಿರ ನಿಂತವು.