ಗುರುವಂದನೆಯ ತಟ್ಟೆ

ಮಂಡಿ ಉರಿಯುತ್ತಿದೆ, ಹಾಳು ಸಿಮೆಂಟು ನೆಲ, ಅಗೋ ಹೋಗುತ್ತಿದೆ ನನ್ನ ತಟ್ಟೆ — ನನ್ನದೇ ತರಗತಿಯ ಕಾನ್ಯಾಳ ಕೈಯಲ್ಲಿ, ಮಂಡಿಯೂರಿ ತೆವಳುತ್ತ ಗುರುಗಳ ಸಾಲಿನ ಕಡೆಗೆ. ನನ್ನದೇ ತಟ್ಟೆ! ಗರಿಕೆ ಕಿತ್ತವಳು ನಾನು, ಕೇಪಳದ ಹೂ ತಂದವಳು ನಾನು, ಬಾಳೆಲೆ ಮಡಚಿ ಗುಂಡುಸೂಜಿ ಚುಚ್ಚಿಸಿಕೊಂಡ ಬೆರಳು ಇನ್ನೂ ನೋಯುತ್ತಿದೆ, ಬದನೆ ಹೂವಂತೂ ಅಮ್ಮ ಹೊಳೆಯಾಚೆ ಬರ್ಮಾದಲ್ಲಿರುವ ಅಜ್ಜಿಯ ಹಿತ್ತಲಿಂದ ತರಿಸಿದ್ದು, ಅದು ತಲೆ ತಗ್ಗಿಸಿ ಅರಳುವ ಹೂವಂತೆ, ಶಿಷ್ಯರೂ ಹಾಗೇ ಇರಬೇಕಂತೆ. ತಟ್ಟೆ ಹಿಡಿಯಲು ಇಡೀ ತರಗತಿ ಕೈಯೆತ್ತಿ ಆರಿಸಿದ್ದು ನನ್ನನ್ನು. ಬೆಳಿಗ್ಗೆ ವಿಲೈ ಟೀಚರ್ ಬಂದರು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು, ಸಂತೆಯಲ್ಲಿ ಪಪ್ಪಾಯಿ ನೋಡುವ ಹಾಗೆ, ಅಲ್ಲ ಮಗು, ಸಾಹೇಬ್ರು ಬರ್ತಾರೆ, ಫೋಟೊ ತೆಗೀತಾರೆ, ನೋಡ್ದವ್ರು ಇದು ಥಾಯ್ ಶಾಲೇನೋ ಇನ್ನೇನೋ ಅಂದ್ಕೋಬಾರ್ದಲ್ವಾ, ಕಾನ್ಯಾ ಹಿಡೀಲಿ, ನೀನು ಜಾಣೆ, ಬೇಜಾರ್ ಮಾಡ್ಕೋಬೇಡ. ಜಾಣೆಯಂತೆ! ಕೊನೇ ಸಾಲಿಗೆ ತಳ್ಳಿಸಿಕೊಳ್ಳುವುದಕ್ಕೆ ಜಾಣತನ ಬೇರೆ ಕೇಡು.

ಮೂಗು ಅಪ್ಪನದು, ಅವನ ತಾತ ತಮಿಳು ಸೀಮೆಯಿಂದ ಬರ್ಮಾಕ್ಕೆ ಬಂದವನು, ಕಣ್ಣು ಬರ್ಮಾದ ಕರೆನ್ ಜನದವಳಾದ ಅಮ್ಮನದು, ಬಣ್ಣ ಇಬ್ಬರದೂ ಅಲ್ಲ, ನನ್ನದೇ, ಹುಟ್ಟಿದ್ದು ಮಾತ್ರ ಥಾಯ್ ನೆಲದ ಇದೇ ಊರಲ್ಲಿ. ಅಪ್ಪ ಪೇಟೆಯಲ್ಲಿ ರೋಟಿ ಸುಡುತ್ತಾನೆ, ಅದಕ್ಕೇ ಸಾಂದಾ ಅನ್ನುವ ನನ್ನ ಹೆಸರು ತರಗತಿಯಲ್ಲಿ ಯಾರ ಬಾಯಿಗೂ ಬರುವುದಿಲ್ಲ, ಏ ರೋಟಿ, ಒಂದ್ಸಲ ಮಗುಚ್ಕೊಳೇ, ಆ ಕಡೆ ಬೆಳ್ಳಗಿದೀಯೇನೋ ನೋಡೋಣ! ಇದೇ ವಿಲೈ ಟೀಚರ್ ಶನಿವಾರ ಬಂದು ಬಾಳೆಹಣ್ಣಿನ ರೋಟಿ ತಿನ್ನುತ್ತಾರೆ, ಮೇಲೆ ಸಿಹಿಹಾಲು ಇನ್ನೊಂಚೂರು ಸುರಿಯಣ್ಣ, ಜಿಪುಣತನ ಮಾಡ್ಬೇಡ. ರೋಟಿ ಬಾಯಿಗೆ ಬೇಕು, ರೋಟಿಯವನ ಮಗಳು ಫೋಟೊಗೆ ಬೇಡ, ಥೂ. ಅಮ್ಮನಿಗೆ ಹೇಳಿದರೆ ಅವಳದೊಂದೇ ರಾಗ, ಸುಮ್ನಿರೇ ತಾಯಿ, ಹೊಳೆ ದಾಟಿ ಬಂದೋರು ನಾವು, ತಲೆ ತಗ್ಗಿಸ್ಕೊಂಡು ಓದು, ಶಾಲೆಯಿಂದ ಓಡಿಸಿದ್ರೆ ಏನ್ಮಾಡ್ತೀಯ — ದಾಟಿದ್ದು ನೀನಮ್ಮ, ನಾನು ಯಾವ ಹೊಳೆ ದಾಟಿದೆ?

ತಟ್ಟೆ ಮುಟ್ಟಿತು, ವಿಲೈ ಟೀಚರ್ ಎರಡೂ ಕೈಯಲ್ಲಿ ತೆಗೆದುಕೊಂಡರು, ಎಷ್ಟು ಚೆನ್ನಾಗಿದೆ ಅಂತ ಕಾನ್ಯಾಳ ತಲೆ ಸವರಿದರು, ಅಯ್ಯೋ ಅವಳೂ ನಕ್ಕಳಲ್ಲ! ಈಗ ಎಲ್ಲರೂ ಬಾಗಬೇಕು, ಬಾಗಿದರು, ಹಣೆಗಳೆಲ್ಲ ನೆಲಕ್ಕೆ, ಓಡಿಸಿದರೆ ಓಡಿಸಲಿ, ನನ್ನ ಕತ್ತು ಬಗ್ಗುತ್ತಿಲ್ಲ, ಬಗ್ಗಿಸುವುದೂ ಇಲ್ಲ. ಟೀಚರ್ ನೋಡಿದರು, ಬಗ್ಗು, ಬಗ್ಗೇ ಅಂತ ತುಟಿಯಲ್ಲೇ ಗದರುತ್ತಿದ್ದಾರೆ, ವೇದಿಕೆಯ ಮೇಲೆ ಫೋಟೊದವನು ನಮ್ಮ ಕಡೆ ತಿರುಗಿದ, ಕ್ಯಾಮೆರಾ ಎತ್ತಿದ, ಮುಂದೆಲ್ಲ ಬರೀ ಬೆನ್ನು, ಬೆನ್ನು, ಕಾನ್ಯಾಳದೂ ಬೆನ್ನೇ, ಇಷ್ಟು ಜನರಲ್ಲಿ ಮುಖ ಕಾಣುತ್ತಿರುವುದು ಒಂದೇ — ಈ ಮುಖ, ಈ ಮುಖ