ಯಾರೂ ಹಿಡಿಯದ ಆಟಗಾರ

ಕಡೂರಿನ ಟೂರ್ನಿಯಲ್ಲಿ ನಮ್ಮೂರ ಹುಡುಗಿಯರ ಕಬಡ್ಡಿ ತಂಡ ಕಪ್ ಗೆದ್ದ ಮರುದಿನವೂ ತೀರ್ಥಪ್ಪನವರ ಹೋಟೆಲಿನಲ್ಲಿ ಅದೇ ಹಳೆಯ ಚರ್ಚೆ. ದಾಳಿಯಲ್ಲಿ ಯಾವ ಕಾಲದ ತಂಡ ಗಟ್ಟಿ? ನಮ್ಮದೋ, ಮೂವತ್ತು ವರ್ಷದ ಹಿಂದೆ ಅಪ್ಪ ಆಡಿದ್ದ ಗಂಡಸರ ತಂಡವೋ?

ನಮ್ಮ ತಂಡದಲ್ಲಿ ಹೆಚ್ಚು ದಾಳಿಗೆ ಹೋಗುವವಳು ನಾನೇ. ಹುಟ್ಟಿದಾಗಿನಿಂದ 'ಕಾಂತರಾಜು ಮಗಳು' ಅನ್ನಿಸಿಕೊಂಡು ಸಾಕಾಗಿತ್ತು. ಒಂದು ದಿನವಾದರೂ ಊರು ಅವನನ್ನು 'ಸಂಘಮಿತ್ರಾಳ ಅಪ್ಪ' ಅನ್ನಬೇಕಿತ್ತು. ಈ ಸಲ ತೀರ್ಪು ನಮ್ಮ ಕಡೆಗೇ ಎಂದುಕೊಂಡು ಅಪ್ಪನನ್ನೂ ಎಳೆದುಕೊಂಡು ಹೋಗಿದ್ದೆ.

ಆಗಿನ ತಂಡದ ನಾಯಕರಾಗಿದ್ದ ತೀರ್ಥಪ್ಪನವರು ಟೀ ಸೋಸುತ್ತಲೇ ತೀರ್ಪು ಕೊಟ್ಟರು.

"ಪಾಯಿಂಟು ನೀವೇ ಜಾಸ್ತಿ ತಂದಿರಬೌದು ಕಣವ್ವ. ಆದ್ರೆ ನಿನ್ನೆ ಫೈನಲ್‌ನಲ್ಲಿ ನಿನ್ನ ಹಿಡಿದು ಕೆಡವಿದ್ರಲ್ಲ? ನಿಮ್ಮಪ್ಪನ್ನ ಒಬ್ರೂ ಹಿಡೀಲಿಲ್ಲ. ಇವನು ಒಳಗೆ ಹೋದ ಅಂದ್ರೆ ಎದುರಿನೋರು ಹಿಂದಿಂದಕ್ಕೆ ಸರಿಯೋರು. ದಾಳಿ ಅಂದ್ರೆ ಅದು!"

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳ ಪರವಾಗಿ ಈ ಅಪ್ಪ ಒಂದು ಮಾತಾಡಬಾರದೆ?

ಅಪ್ಪ ಲೋಟ ಕೆಳಗಿಟ್ಟ. "ಯಾಕೆ ಸರಿಯೋರು ಅಂತ ನಿಮ್ಗೊತ್ತಿಲ್ವಾ, ತೀರ್ಥಣ್ಣ?"

ತೀರ್ಥಪ್ಪನವರು ಮತ್ತೆ ಟೀ ಸೋಸತೊಡಗಿದರು. ಅಪ್ಪನೇ ಮುಂದುವರಿಸಿದ.

"ನನ್ನ ಹಿಡಿದ್ರೆ ಮನೇಗೋಗಿ ಸ್ನಾನ ಮಾಡ್ಬೇಕಿತ್ತು. ನನ್ನ ತಬ್ಕೊಂಡು ಕೆಡವೋ ಬದಲು ಸೋಲೋದೇ ವಾಸಿ ಅನ್ಸೋದು ಅವ್ರಿಗೆ. ಅದು ಗೊತ್ತಿದ್ದೇ ನೀವು ಪ್ರತಿ ಸಲ ನನ್ನೇ ಕಳಿಸ್ತಿದ್ರಿ."

ಈ ಹೆಸರಿಗಾ ನಾನು ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದು? ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಅಪ್ಪ ನನ್ನ ತರಚಿದ ಮೊಣಕೈ ನೋಡಿದ. "ನಿನ್ನೆ ಆ ತರೀಕೆರೆ ಹುಡ್ಗೀರು ಅಷ್ಟೂ ಜನ ನಿನ್ನ ಮೇಲೆ ಬಿದ್ರು. ಆಮೇಲೆ ಅವರಲ್ಲೇ ಒಬ್ಳು ಕೈ ಕೊಟ್ಟು ಎಬ್ಬಿಸಿದ್ಲು. ಕಪ್ಪು ಯಾರಿಗೆ ಬಂತು ಅಂತ ಕೂಡ ಆಮೇಲೆ ನಾನು ನೋಡ್ಲಿಲ್ಲ ಮಗಾ. ನಂಗೂ ಆಸೆ ಇತ್ತು, ಒಂದ್ಸಲನಾದ್ರೂ ಯಾರಾದ್ರೂ ಹಂಗೆ ಹಿಡೀಲಿ ಅಂತ." ತೀರ್ಥಪ್ಪನವರ ಕಡೆ ತಿರುಗಿದ. "ಹಿಡಿಯೋರ ಕೈ ತಪ್ಪಿಸ್ಕೊಂಡು ತಂದ ಪಾಯಿಂಟು ಇವಳ್ದು. ಇವ್ರ ತಂಡಾನೇ ಗಟ್ಟಿ."

ನಾನು ಬಯಸಿದ್ದ ತೀರ್ಪು ಅದೇ. ಸಿಕ್ಕ ಮೇಲೆ ನನಗದು ಬೇಡವಾಗಿತ್ತು.

ಹೊರಗೆ ಬಂದವಳೇ ಅಪ್ಪನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಬಿಡೇ, ಜನ ನೋಡ್ತಾರೆ," ಅಂದ.

ಮನೆ ಮುಟ್ಟುವವರೆಗೂ ಬಿಡಲಿಲ್ಲ.